ಒಂದು ತಟ್ಟಿದರೆ ನಿಲ್ಲು

ನಾನು ಹುಟ್ಟಿದ ದಿನ ನನಗೆ ಮೈಯೇ ಇರಲಿಲ್ಲ. ಆರು ಚಕ್ರ, ಒಂದು ಎಂಜಿನ್ನು, ಒಂದು ಸ್ಟೇರಿಂಗು, ಇಷ್ಟೇ ನಾನು. ಕಾರ್ಖಾನೆಯಿಂದ ಹುಬ್ಬಳ್ಳಿಯ ಬಾಡಿ ಕಟ್ಟುವ ಶೆಡ್ಡಿಗೆ ನನ್ನನ್ನು ಓಡಿಸಿಕೊಂಡು ಬಂದವನು ಮರದ ಪೆಟ್ಟಿಗೆಯ ಮೇಲೆ ಕುಳಿತು, ಮುಖಕ್ಕೆ ಟವೆಲ್ ಸುತ್ತಿಕೊಂಡು, ದಾರಿಯುದ್ದಕ್ಕೂ ಧೂಳನ್ನೂ ನನ್ನನ್ನೂ ಸೇರಿಸಿ ಬೈದ. ಹುಟ್ಟಿದ ಮೂರನೆಯ ದಿನಕ್ಕೇ ಬೈಗುಳ ತಿಂದವನು ನಾನು, ಆಮೇಲೆ ಯಾರ ಬೈಗುಳವೂ ನನಗೆ ನಾಟಲಿಲ್ಲ.

ಶೆಡ್ಡಿನಲ್ಲಿ ಖಾಜಾ ಮೇಸ್ತ್ರಿ ನನಗೆ ಮೈ ಕೊಟ್ಟರು. ಒಂದೊಂದು ತಗಡು ಕೂರಿಸಿದ ಮೇಲೂ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದರು. ಸಡಿಲವಿದ್ದರೆ ಒಂದು ದನಿ, ಬಿಗಿಯಿದ್ದರೆ ಇನ್ನೊಂದು. ಹೀಗಾಗಿ ಮಾತಿಗಿಂತ ಮೊದಲು ನನಗೆ ತಿಳಿದದ್ದು ತಟ್ಟುವುದು. ಯಾರು ತಟ್ಟಿದರು, ಸಿಟ್ಟಿನಿಂದಲೋ ಪ್ರೀತಿಯಿಂದಲೋ, ಎಲ್ಲವೂ ನನಗೆ ಗೊತ್ತಾಗುತ್ತದೆ.

ಹನ್ನೆರಡು ವರ್ಷ ಒಂದು ನರ್ಸಿಂಗ್ ಕಾಲೇಜಿನ ಬಸ್ಸಾಗಿದ್ದೆ. ಕಿಟಕಿಯ ಗಾಜಿಗೆಲ್ಲ ಹುಡುಗಿಯರ ತಲೆಯ ಎಣ್ಣೆ. ಪರೀಕ್ಷೆಯ ದಿನ ಒಬ್ಬಳಾದರೂ ವಾಂತಿ ಮಾಡುತ್ತಿದ್ದಳು. ಅವರಿಗೆ ಹೊಸ ಬಸ್ಸು ಬಂದ ಮೇಲೆ ನಾನು ಚಿತ್ರದುರ್ಗದಲ್ಲಿ ಗಾಡಿ ದಲ್ಲಾಳಿಯೊಬ್ಬನ ಬಯಲಿನಲ್ಲಿ ಎರಡು ಮಳೆಗಾಲ ನಿಂತೆ. ಚಕ್ರದ ಸುತ್ತ ಹುಲ್ಲು ಬೆಳೆಯಿತು. ನನ್ನ ಕಥೆ ಮುಗಿಯಿತು ಎಂದುಕೊಂಡಿದ್ದೆ.

ಆಗ ಬಂದವರು ಓಬಳೇಶಪ್ಪನವರು ಮತ್ತು ಕಮಲಾಕ್ಷಮ್ಮನವರು. ನೋಡಲು ಬಂದವರೆಲ್ಲ ನನ್ನ ಟೈರಿಗೆ ಒದೆಯುತ್ತಿದ್ದರು. ಓಬಳೇಶಪ್ಪನವರು ಒದೆಯಲಿಲ್ಲ. ಸೀಟಿನಲ್ಲಿ ಕುಳಿತು ಗೇರಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಕಮಲಾಕ್ಷಮ್ಮ ಹಿಂದೆ ಹೋಗಿ ನನ್ನ ಎಡ ಪಕ್ಕೆಗೆ ಎರಡು ಸಲ ತಟ್ಟಿದರು. ಎಂಜಿನ್ನು ಆಫ್ ಆಗಿತ್ತು, ಆದರೂ ಓಬಳೇಶಪ್ಪನವರ ಕಾಲು ತಾನಾಗಿ ಕ್ಲಚ್ಚಿಗೆ ಹೋಯಿತು. ಇಬ್ಬರೂ ನಕ್ಕರು.

"ಇದೇ ಇರ್ಲಿ ಕಂಡಕ್ಟರಮ್ಮ," ಎಂದರು ಅವರು.

"ಸರಿ ಡ್ರೈವರ್ರೇ," ಎಂದರು ಇವರು.

ಅವರು ಸರ್ಕಾರಿ ಬಸ್ಸಿನ ಚಾಲಕರು, ಇವರು ಅದೇ ಬಸ್ಸಿನ ಕಂಡಕ್ಟರು. ಬೆಳಗಿನ ಮೊದಲ ಬಸ್ಸಿನಲ್ಲಿ ಜೊತೆಗೆ ಕೆಲಸ ಮಾಡಿಯೇ ಮದುವೆಯಾದವರು. ಬೇರೆ ಕಂಡಕ್ಟರುಗಳು ಬಸ್ಸು ಹಿಂದೆ ತೆಗೆಯುವಾಗ ಬಡಿಯುತ್ತಲೇ ಇರುತ್ತಾರೆ, ಬಡಿತ ನಿಂತರೆ ಡ್ರೈವರೂ ನಿಲ್ಲಿಸುತ್ತಾನೆ. ಕಮಲಾಕ್ಷಮ್ಮನಿಗೆ ಅದು ಆಗದು. ಆ ಹೊತ್ತಿನ ಬಸ್ಸಿನಲ್ಲಿ ತಾಯಂದಿರ ಮಡಿಲಲ್ಲಿ ಕೂಸುಗಳು ಮಲಗಿರುತ್ತಿದ್ದವು, ಬಡಿದರೆ ಎಲ್ಲವೂ ಒಟ್ಟಿಗೆ ಅಳುತ್ತಿದ್ದವು. ಅದಕ್ಕೆ ಇವರಿಬ್ಬರೂ ತಮ್ಮದೇ ಲೆಕ್ಕ ಮಾಡಿಕೊಂಡರು. ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲು. ನಡುವೆ ಸದ್ದಿಲ್ಲ. ಒಂದು ಬೀಳುವ ತನಕ ಓಬಳೇಶಪ್ಪನವರು ಬರುತ್ತಲೇ ಇರುತ್ತಾರೆ. ನಿವೃತ್ತರಾಗುವ ತನಕ ಹೀಗೆಯೇ ಇಪ್ಪತ್ತೆಂಟು ವರ್ಷ ನಡೆಯಿತು, ಒಂದು ಗೀರೂ ಬೀಳಲಿಲ್ಲ. ಅದಕ್ಕೆ ಸಿಕ್ಕ ಬೆಳ್ಳಿ ಪದಕವನ್ನು ಯಜಮಾನರು ನನ್ನ ಒಳಗನ್ನಡಿಗೆ ದಾರ ಕಟ್ಟಿ ತೂಗುಬಿಟ್ಟರು.

ನನ್ನ ಸೀಟುಗಳನ್ನು ಕಿತ್ತು ಎರಡು ಮಂಚ ಹಾಕಿದರು. ಗ್ಯಾಸಿನ ಒಲೆ, ನೀರಿನ ಟ್ಯಾಂಕು, ಒಂದು ಫ್ಯಾನು, ಕಿಟಕಿಗೆ ಹಳೆಯ ಸೀರೆಯ ಪರದೆ ಬಂತು. ನಾನು ಮನೆಗಾಡಿಯಾದೆ. ನಿಜ ಹೇಳುತ್ತೇನೆ, ನನಗೆ ಜಂಬ ಬಂದಿತ್ತು.

ನಾವು ಹೆಚ್ಚಾಗಿ ಹೋಗುತ್ತಿದ್ದದ್ದು ಬಿಳಿಕಲ್ಲು ಕೆರೆಗೆ. ಊರಿನವರು ಕೆರೆಯ ದಂಡೆಯಲ್ಲಿ ಒಂದು ಪಾರ್ಕು ಮಾಡಿದ್ದರು. ನಾಲ್ಕು ಸಿಮೆಂಟು ಬೆಂಚು, ಸಾಲು ಹೊಂಗೆ ಮರ, ಗಾಡಿ ನಿಲ್ಲಿಸಲು ಜಾಗ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಒಂದು ನಲ್ಲಿ. ಬಲೆ ಹಾಕುವಂತಿಲ್ಲ, ಗಾಳ ಮಾತ್ರ ಎಂದು ಬೋರ್ಡು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಸಣ್ಣೀರಪ್ಪ. ತೆಪ್ಪದಲ್ಲೇ ಹುಟ್ಟಿದವನಂತೆ ನೀರಿನ ಮೇಲೆ ಓಡಾಡುತ್ತಿದ್ದ, ನೆಲದ ಮೇಲೆ ಮಾತ್ರ ಕುಂಟುತ್ತಿದ್ದ.

ಗಾಳ ಹಾಕುತ್ತಿದ್ದವರು ಕಮಲಾಕ್ಷಮ್ಮ. ಟಿಕೆಟು ಹರಿದು ಹರಿದು ಅವರ ಬಲಗೈ ಬೆರಳುಗಳು ಸೂಕ್ಷ್ಮವಾಗಿದ್ದವು, ಮೀನು ಎರೆಹುಳಕ್ಕೆ ಬಾಯಿ ಹಾಕುವ ಮೊದಲೇ ದಾರದಲ್ಲಿ ತಿಳಿಯುತ್ತಿತ್ತು. ಜಿಲೇಬಿ ಮೀನು, ಗೆಂಡೆ, ಒಮ್ಮೊಮ್ಮೆ ಕಟ್ಲಾ. ಯಜಮಾನರು ಮೀನು ಉಜ್ಜಿ, ಖಾರ ಸವರಿ ಹುರಿಯುತ್ತಿದ್ದರು. ಮಾತು ಕಡಿಮೆ. ಹಗಲೆಲ್ಲ ನಾನು ಹೊಂಗೆಯ ನೆರಳಿನಲ್ಲಿ ನಿಂತು ಅವರ ಬೆನ್ನು ನೋಡುತ್ತಿದ್ದೆ. ಆ ಮೂರು ವರ್ಷ ನನಗೆ ಸಾಕೆನಿಸುವಷ್ಟು ಸುಖ ಸಿಕ್ಕಿತು.

ನಾಲ್ಕನೆಯ ವರ್ಷ ನನಗೆ ಒಂದು ವಿಷಯ ತಿಳಿಯಿತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಯಜಮಾನರು ಬೀಗದ ಕೈ ಹಾಕಲು ತಡಕಾಡತೊಡಗಿದರು. ಪಕ್ಕದ ಕನ್ನಡಿ ನೋಡಲು ಕತ್ತನ್ನೇ ಪೂರ್ತಿ ತಿರುಗಿಸುತ್ತಿದ್ದರು. ಎದುರಿನದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಒಂದು ದಿನ ಹೊಳಲ್ಕೆರೆಯ ದಾರಿಯಲ್ಲಿ ಕಿಲೋಮೀಟರ್ ಕಲ್ಲು ನನ್ನ ಎಡ ಪಕ್ಕೆಯನ್ನು ಉದ್ದಕ್ಕೆ ಗೀರಿತು. ನಾಯಿ ಅಡ್ಡ ಬಂತು ಎಂದು ಅವರು ಸುಳ್ಳು ಹೇಳಿದರು. ಕಣ್ಣಿಗೆ ಬಿಡುವ ಔಷಧಿಯ ಸಣ್ಣ ಬಾಟಲಿ ಡ್ಯಾಷ್‌ಬೋರ್ಡಿನಲ್ಲಿ, ಹಳೆಯ ಬಲ್ಬುಗಳ ಹಿಂದೆ ಅವಿತಿತ್ತು.

ಕಮಲಾಕ್ಷಮ್ಮನೂ ಕೇಳಲಿಲ್ಲ. ಆದರೆ ಅಂದಿನಿಂದ ಮುಂದಿನ ಸೀಟಿನಲ್ಲಿ ಕುಳಿತು, ಯಾವುದೋ ಹಳೆಯ ಚಾಳಿಯೆಂಬಂತೆ, "ಎಡಕ್ಕೆ ಸೈಕಲ್ಲು... ಕುರಿ ಬಂದಾವೆ... ಈಗ ರೈಟ್," ಎನ್ನತೊಡಗಿದರು. ಇವರು ಕಣ್ಣಾದರು, ಅವರು ಕೈಕಾಲು. ಒಬ್ಬರ ಗುಟ್ಟನ್ನು ಇನ್ನೊಬ್ಬರು ಮರ್ಯಾದೆಯಿಂದ ಮುಚ್ಚಿದರು. ಆ ಮರ್ಯಾದೆಯ ಮೇಲೆ ನನಗೆ ಈಗಲೂ ಸಿಟ್ಟಿದೆ. ರಸ್ತೆಯಲ್ಲಿ ಮಕ್ಕಳು ಓಡಾಡುತ್ತಾರೆ, ನಾನು ಆರು ಚಕ್ರದ ಗಾಡಿ. ಸಾಕು ಮಾಡಿ ಎಂದು ಕೂಗಲು ನನಗಿದ್ದದ್ದು ಒಂದು ಹಾರನ್ನು, ಅದೂ ಅವರು ಒತ್ತಿದರೆ ಮಾತ್ರ.

ಆರನೆಯ ವರ್ಷದ ಮಾಘದಲ್ಲಿ ಕೆಳಗಿನ ಗದ್ದೆಗಳಿಗೆಂದು ತೂಬು ಎತ್ತಿದ್ದರು. ಕೆರೆ ಹಿಂದೆ ಸರಿದಿತ್ತು. ನಮ್ಮ ಹೊಂಗೆಮರದಿಂದ ನೀರಿಗೆ ಬಹಳ ದೂರವಾಗಿ, ನಡುವೆ ಬಿರುಕುಬಿಟ್ಟ ಬಯಲು. ಬೆಳಿಗ್ಗೆ ತಿಂಡಿಯಾದ ಮೇಲೆ ಕಮಲಾಕ್ಷಮ್ಮ ಗಾಡಿಯನ್ನು ನೀರಿನ ಹತ್ತಿರ ಒಯ್ಯೋಣ ಎಂದರು. ಅಷ್ಟು ದೂರ ನಡೆದರೆ ಯಜಮಾನರು ಎಲ್ಲಿ ಎಡವುತ್ತಾರೋ ಎಂಬುದು ಅವರ ಚಿಂತೆ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ.

ಸಣ್ಣೀರಪ್ಪ ತೆಪ್ಪದಿಂದಲೇ ಕೂಗಿದ. "ಅಕ್ಕಾ, ಆ ಕಡೀಗೆ ಇಳಿಸಬ್ಯಾಡ್ರಿ! ಮ್ಯಾಲೆ ಗಟ್ಟಿ ಕಾಣ್ತೈತೆ, ಒಳಗೆಲ್ಲ ಕೆಸರೈತೆ!"

"ಸ್ವಲ್ಪ ದೂರ ಅಷ್ಟೇ ಕಣಪ್ಪ," ಎಂದು ಕಮಲಾಕ್ಷಮ್ಮ ಇಳಿದು ನನ್ನ ಹಿಂದೆ ಬಂದರು. ಹಿಂದುಮುಂದಾಗಿ ನಿಲ್ಲಿಸಿದರೆ ಹಿಂದಿನ ಬಾಗಿಲು ನೀರಿನ ಕಡೆಗಿರುತ್ತದೆ.

ಎರಡು ತಟ್ಟಿದರು. ಓಬಳೇಶಪ್ಪನವರು ರಿವರ್ಸ್ ಹಾಕಿದರು. ನಾನು ಇಳಿಜಾರಿನಲ್ಲಿ ಮೆಲ್ಲಗೆ ಹಿಂದೆ ಸರಿದೆ. ಕಮಲಾಕ್ಷಮ್ಮ ನನ್ನ ಎಡ ಹಿಂಬದಿಯಲ್ಲಿ ಕೈಯಳತೆಯಲ್ಲಿ ನಡೆಯುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಕಾಲಡಿಯ ಒಣಗಿದ ಪದರ ಒಡೆದು ಮೊಣಕಾಲಿನವರೆಗೆ ಕೆಸರಿಗೆ ಇಳಿದರು. ಮುಗ್ಗರಿಸಿದರು. ನನ್ನ ಕಡೆಗೆ ಚಾಚಿದ ಬಲಗೈ ನನಗೆ ಎಟುಕಲಿಲ್ಲ, ನೆಲಕ್ಕೆ ಬಿತ್ತು.

"ಹೋಲ್ಡಾನ್! ರೀ, ಹೋಲ್ಡಾನ್!"

ಬಾಯಿಯ ಮಾತಿಗೆ ನಿಲ್ಲುವ ಅಭ್ಯಾಸ ಯಜಮಾನರಿಗಿರಲಿಲ್ಲ. ನನ್ನ ಎಂಜಿನ್ನು ಅವರ ಮಗ್ಗುಲಲ್ಲೇ ಗುಡುಗುತ್ತಿತ್ತು. ಅವರು ಕಾಯುತ್ತಿದ್ದದ್ದು ಒಂದು ತಟ್ಟನ್ನು, ಅದು ಬರಲಿಲ್ಲ, ಆದ್ದರಿಂದ ಅವರು ಬರುತ್ತಲೇ ಇದ್ದರು. ಕಣ್ಣಿದ್ದ ಯಾರಾದರೂ ಕನ್ನಡಿ ನೋಡಿ ನಿಲ್ಲಿಸುತ್ತಿದ್ದರು. ನನಗೆ ಎಲ್ಲ ಗೊತ್ತಿತ್ತು, ನಿಲ್ಲಲು ಮಾತ್ರ ಬರುತ್ತಿರಲಿಲ್ಲ. ನನ್ನ ಹಿಂದಿನ ಚಕ್ರ ಆ ಕೈಯ ಮೇಲೆ ಹತ್ತಿತು.

ಹತ್ತಿದೊಡನೆ ನೆಲ ಕುಸಿದು ಚಕ್ರ ಪಕ್ಕಕ್ಕೆ ಹೂತುಕೊಂಡಿತು, ನಾನು ಕೆಮ್ಮಿ ಬಂದ್ ಬಿದ್ದೆ. ಸಣ್ಣೀರಪ್ಪ ಕುಂಟುತ್ತಲೇ ಓಡಿಬಂದು ತೆಪ್ಪದ ಹುಟ್ಟಿನಿಂದಲೇ ಮಣ್ಣು ಅಗೆದು ಕೈ ಬಿಡಿಸಿದ. ಕೆಸರು ಮೆತ್ತಗಿದ್ದುದರಿಂದ ಕೈ ಉಳಿಯಿತು, ಬೆರಳುಗಳು ಮತ್ತೆ ಮೊದಲಿನಂತಾಗಲಿಲ್ಲ.

ಅವನು ಆಟೋ ಕರೆಯಲು ಹೋದಾಗ ಗಂಡ ಹೆಂಡತಿ ನನ್ನ ನೆರಳಿನಲ್ಲಿ ಕುಳಿತಿದ್ದರು. ಟವೆಲಿನಲ್ಲಿ ಸುತ್ತಿದ ಕೈ ಯಜಮಾನರ ತೊಡೆಯ ಮೇಲಿತ್ತು.

"ನಂಗೆ ಕಾಣ್ಲಿಲ್ಲ ಕಮಲಾ. ನಂಗೆ ಪಕ್ಕ ಕಾಣಾದೇ ಇಲ್ಲ."

"ಗೊತ್ತು. ಎಲ್ಡು ವರ್ಷದಿಂದ ಗೊತ್ತು."

"ಗೊತ್ತಿದ್ದೂ ತಟ್ಟಿದ್ಯಾ?"

"ಸ್ಟೇರಿಂಗ್ ಬಿಡಿಸಿದ್ರೆ ನೀವು ಉಳಿಯಲ್ಲ ಅನ್ಕಂಡೆ," ಎಂದು ಕಮಲಾಕ್ಷಮ್ಮ ಮೊದಲ ಸಲ ಅತ್ತರು. "ನಂದೂ ತಪ್ಪೈತೆ ರೀ."

ಯಜಮಾನರು ಎದ್ದು ಒಳಗೆ ಬಂದರು. ತಡಕಾಡಿ ಪದಕದ ದಾರ ಹರಿದರು, ಬೀಗದ ಕೈ ಕಿತ್ತುಕೊಂಡರು. ಆಟೋ ಬಂದಾಗ ಎರಡನ್ನೂ ಸಣ್ಣೀರಪ್ಪನ ಕೈಗೆ ಹಾಕಿ, "ಇನ್ನು ನಂಗಿದು ಬ್ಯಾಡ," ಎಂದರು.

ಟ್ರ್ಯಾಕ್ಟರಿನಿಂದ ನನ್ನನ್ನು ಎಳೆದು ಹೊಂಗೆಮರದ ಕೆಳಗೆ ತಂದರು. ಅಲ್ಲಿಂದ ನಾನು ಕದಲಿಲ್ಲ. ಚಕ್ರಗಳು ಹೋದವು, ಕಲ್ಲಿನ ಮೇಲೆ ಕೂರಿಸಿದರು. ಎಂಜಿನ್ನನ್ನೂ ಪೆಡಲುಗಳನ್ನೂ ಗುಜರಿಯವನು ಬಿಚ್ಚಿಕೊಂಡು ಹೋದ. ಈಗ ನಾನು ಪಾರ್ಕಿನ ಚೀಟಿ ಕೊಡುವ ಕೋಣೆ. ಮಂಚದ ಮೇಲೆ ಗಾಳದ ಕೋಲುಗಳು, ಡ್ರೈವರ್ ಸೀಟಿನ ಕೆಳಗೆ ಸಣ್ಣೀರಪ್ಪನ ಕೋಳಿ ಮೊಟ್ಟೆಯಿಡುತ್ತದೆ. ಪದಕ ಮೊಳೆಯೊಂದಕ್ಕೆ ನೇತುಬಿದ್ದು ಕಪ್ಪಾಗಿದೆ. ಆ ಕೈಯ ಮೂಳೆ ನನ್ನ ಚಕ್ರದಡಿ ಮುರಿದದ್ದು ಇವತ್ತಿಗೂ ನೆನಪಾಗುತ್ತದೆ, ಚಕ್ರವೇ ಇಲ್ಲದಿದ್ದರೂ.

ಎರಡು ವರ್ಷ ಅವರು ಬರಲಿಲ್ಲ. ಹೋದ ವಾರ ಬಂದರು, ಬಸ್ಸಿನಲ್ಲಿ, ಟಿಕೆಟು ತೆಗೆದುಕೊಂಡು. ಯಜಮಾನರಿಗೆ ಈಗ ಎದುರಿನದೂ ಮಸುಕು. ಕಮಲಾಕ್ಷಮ್ಮನ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ದಂಡೆಯಲ್ಲಿ ಕುಳಿತು ಗಾಳ ಹಾಕಿದರು, ಈ ಸಲ ಕೋಲು ಯಜಮಾನರ ಕೈಯಲ್ಲಿ. ಕಮಲಾಕ್ಷಮ್ಮ ಪಕ್ಕದಲ್ಲಿ ಕುಳಿತು ಬೆಂಡನ್ನೇ ನೋಡುತ್ತಿದ್ದು, ಅದು ಮುಳುಗಿದಾಗ ಅವರ ಬೆನ್ನಿಗೆ ಎರಡು ತಟ್ಟುತ್ತಿದ್ದರು. ನಾಲ್ಕು ಮೀನು ತಪ್ಪಿಸಿಕೊಂಡವು, ಒಂದು ಸಣ್ಣ ಗೆಂಡೆ ಸಿಕ್ಕಿತು. ಅದನ್ನು ಕೆರೆಗೇ ಬಿಟ್ಟರು.

ಹೊರಡುವ ಮುನ್ನ ಓಬಳೇಶಪ್ಪನವರು ನನ್ನೊಳಗೆ ಹತ್ತಿ, ಕೋಳಿಯನ್ನು ಎಬ್ಬಿಸಿ, ತಮ್ಮ ಹಳೆಯ ಸೀಟಿನಲ್ಲಿ ಕುಳಿತರು. ಕಮಲಾಕ್ಷಮ್ಮ ಒಳಗೆ ಬರಲಿಲ್ಲ. ನನ್ನ ಎಡ ಹಿಂಬದಿಗೆ ಹೋಗಿ, ಗೀರಿನ ಗುರುತಿನ ಹತ್ತಿರ ನಿಂತರು. "ಅವತ್ತಿಂದು ಬಾಕಿ ಐತೆ," ಎಂದರು, ಯಾರಿಗೆ ಹೇಳಿದರೋ. ಆಮೇಲೆ ಎಡಗೈಯಿಂದ ಒಂದು ತಟ್ಟಿದರು.

ಒಳಗೆ ಯಜಮಾನರ ಬಲಗಾಲು ಜೋರಾಗಿ ಕೆಳಗೆ ಒತ್ತಿತು. ಅಲ್ಲಿ ಬ್ರೇಕು ಇರಲಿಲ್ಲ, ತುಕ್ಕು ಹಿಡಿದ ತಗಡು ಮಾತ್ರ ಇತ್ತು. ಆದರೂ ಅವರು ಕಾಲು ತೆಗೆಯದೆ ಹಾಗೇ ಒತ್ತಿಹಿಡಿದು ಕುಳಿತರು, ಕಮಲಾಕ್ಷಮ್ಮ ಬಂದು ತೋಳು ಹಿಡಿದು ಇಳಿಸುವ ತನಕ.