ಮಂಚಮ್ಮನ ಪಂಕ್ತಿ

"ಲೇ ಮಂಚಿ, ನಿಂಗೆ ಶಾಲು ಒದ್ಸೋದು ಮದ್ಯಾನಕ್ಕೆ ಕಣಮ್ಮಿ. ಈಗ್ಲೇ ಏನ್ ಮದಲಗಿತ್ತಿ ತರ ಆಡ್ತೀಯೆ, ಮುಂಡೆ? ಬಾಚು ಬಿರ್ರನೆ!"

ಕೊಟ್ಟಿಗೆಯಲ್ಲಿ ಸಗಣಿ ಮಂಕರಿ ಎತ್ತುತ್ತಿದ್ದ ಮಂಚಮ್ಮ ಒಡೆಯ ತಿಮ್ಮರಾಜುವಿನ ಕಡೆ ನೋಡಲಿಲ್ಲ. ಪಾಂಡವಪುರದಾಚೆಯ ಆ ಊರಿನಲ್ಲಿ ಅವತ್ತು ಜೀತ ವಿಮುಕ್ತಿ ದಿನ; ಜೀತದಿಂದ ಬಿಡುಗಡೆಯಾದವಳೆಂದು ಮಂಚಮ್ಮನಿಗೆ ಸನ್ಮಾನ. ಅವಳ ಗಂಡ ದ್ಯಾವಯ್ಯ ತಿಮ್ಮರಾಜುವಿನ ಅಪ್ಪನ ಕಾಲದಿಂದ ಜೀತಕ್ಕಿದ್ದು, ಇದೇ ಕೊಟ್ಟಿಗೆಯಲ್ಲಿ ಕಣ್ಣು ಮುಚ್ಚಿದವನು. ಕಾನೂನು ಬಂತು, ಜೀತ ಹೋಯಿತು ಎಂದರು. ಗುಡಿಸಲಿದ್ದ ಜಾಗ ಮಾತ್ರ ತಿಮ್ಮರಾಜುವಿನದೇ. ಆ ಜಾಗದ ಋಣಕ್ಕೆಂದು ಮಂಚಮ್ಮ ದಿನಾ ಬಿಟ್ಟಿ ಸಗಣಿ ಬಾಚಬೇಕು.

"ನಮ್ಮೂರಲ್ಲಿ ಜೀತ ಇಲ್ಲ ಅಂತ ಒಂದೇ ಮಾತು ಯೋಳು. ಬಾಲ ಬಿಚ್ಚುದ್ರೆ ಗುಡ್ಲು ಕಿತ್ತಾಕ್ಸ್‌ಬುಡ್ತೀನಿ."

ಮಧ್ಯಾಹ್ನ ಸಮುದಾಯ ಭವನದಲ್ಲಿ ತಾಲ್ಲೂಕು ಕಚೇರಿಯಿಂದ ಬಂದ ಸಾಹೇಬರು ಅವಳಿಗೆ ಶಾಲು ಹೊದಿಸಿ ಮೈಕು ಹಿಡಿದರು. "ಹೇಳಮ್ಮ, ಸ್ವತಂತ್ರವಾಗಿ ಬದುಕೋದು ಹೇಗನ್ನಿಸುತ್ತೆ?"

ಮಂಚಮ್ಮ ಕೈಯನ್ನು ಅವರ ಮೂಗಿನ ಹತ್ತಿರ ಚಾಚಿದಳು. "ಮೂಸ್ ನೋಡಿ ಸಾ. ಇವತ್ ಬೆಳಿಗ್ಗೆ ಬಾಚಿದ್ ಸಗಣಿ. ತಿಮ್ಮರಾಜು ಬುದ್ಧಿಯೋರ ಕೊಟ್ಗೇದೆ. ಕೂಲಿ ಇಲ್ಲ."

ತಿಮ್ಮರಾಜು ಮೈಕು ಕಿತ್ತುಕೊಂಡ. "ಪಾಪ, ಮುದುಕಿಗೆ ಅರಳುಮರಳು. ಎಲ್ರೂ ಊಟ ಮಾಡ್ಕಂಡೇ ಹೋಗ್ಬೇಕು."

ಭವನದೊಳಗೆ ಬಾಳೆ ಎಲೆ. ಮಂಚಮ್ಮನ ಕೇರಿಯವರಿಗೆ ಹೊರಗೆ, ಹೊಂಗೆಮರದಡಿ ಪೇಪರ್ ತಟ್ಟೆ. ಮಂಚಮ್ಮ ನೆಟ್ಟಗೆ ಒಳಗೆ ಹೋಗಿ ಸಾಹೇಬರ ಪಕ್ಕದ ಎಲೆಯ ಮುಂದೆ ಕುಳಿತಳು.

"ಎದ್ದೇಳೇ ಲೌಡಿ! ಪಂಕ್ತಿ ಕೆಡಿಸ್ತೀಯಾ?" ತಿಮ್ಮರಾಜು ಓಡಿ ಬಂದ.

ಒಡೆಯನನ್ನು ಯಾವತ್ತೂ ಕರೆಯುತ್ತಿದ್ದ 'ಬುದ್ಧಿ' ಎನ್ನುವ ಮಾತು ಈ ಸಲ ಅವಳ ಬಾಯಿಗೆ ಬರಲಿಲ್ಲ. "ತಿಮ್ಮರಾಜು, ನನ್ ಎಸ್ರಲ್ ಮಾಡಿರೋ ಊಟ ಇದು. ನಾ ಏಳಾಕಿಲ್ಲ."

"ನಾಳೀಕೆ ಗುಡ್ಲು ಇರಾಕಿಲ್ಲ, ನೋಡ್ತಿರು!"

"ಕೀಳು ಬಾ. ಒಳಗೇ ಕುಂತಿರ್ತೀನಿ. ನಿನ್ ಸಗಣಿ ಇನ್ಮ್ಯಾಲೆ ನೀನೇ ಬಾಚ್ಕೊ."

ಒಬ್ಬೊಬ್ಬರಾಗಿ ಎಲೆ ಬಿಟ್ಟು ಎದ್ದರು. ಸಾಹೇಬರೂ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಹೊರಟರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೇರಿಯ ಪುಟ್ಟಗೌರಮ್ಮ ಕೈಯಲ್ಲಿದ್ದ ಪೇಪರ್ ತಟ್ಟೆ ಬಿಸಾಕಿ ಒಳಗೆ ಬಂದಳು. ಮಂಚಮ್ಮನ ಪಕ್ಕ ಒತ್ತಿಕೊಂಡು ಕುಳಿತಳು. ಅವಳ ಹಿಂದೆ ಇನ್ನಷ್ಟು ಹೆಂಗಸರು.

"ಬಡ್ಸಪ್ಪ," ಎಂದಳು ಮಂಚಮ್ಮ.

ಬಡಿಸುವವನು ತಿಮ್ಮರಾಜುವಿನ ಮುಖ ನೋಡುತ್ತ ನಿಂತೇ ಇದ್ದ. ಮಂಚಮ್ಮ ಎದ್ದಳು. ಅವನ ಕೈಯಿಂದ ಅನ್ನದ ಬಕೀಟು ಕಿತ್ತುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪುಟ್ಟಗೌರಮ್ಮನ ಎಲೆಯಿಂದಲೇ ಬಡಿಸಲು ಶುರುಮಾಡಿದಳು.