ಬಾವಿ ಪಕ್ಕದ ಎರಡು ಮರ

ಶ್ರೀರಂಜನಿಗೆ ಫೋನ್ ಮುಟ್ಟಲೂ ಹೇಸಿಗೆಯಾಗುತ್ತಿತ್ತು. ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಆಕೆ, ತೆಂಗು ಬೆಳೆಗಾರರಿಗೆಂದು ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿ ನಾಲ್ಕು ವರ್ಷವಾಗಿತ್ತು. ಗೊತ್ತಿಲ್ಲದವರು ಕೇಳಲಿ, ಬಲ್ಲವರು ಹೇಳಲಿ ಎಂಬ ಆಸೆ. ಆ ಆಸೆ ಈಗ ಗಬ್ಬು ನಾರುತ್ತಿತ್ತು.

ಶುರುವಾದದ್ದು ಬೆಳ್ಳಾವಿಯ ಪುಟ್ಟತಾಯಮ್ಮನ ಪ್ರಶ್ನೆಯಿಂದ. ಬಾವಿ ಪಕ್ಕದ ಎರಡು ಮರಗಳ ಕಾಂಡದಿಂದ ಕೆಂಪು ರಸ ಸೋರುತ್ತಿದೆ, ಮದುವೆಯಾಗಿ ಬಂದ ವರ್ಷ ನನ್ನ ಕೈಯಾರೆ ನೆಟ್ಟವು, ಹೇಗಾದರೂ ಉಳಿಸಿಕೊಡಿ ಎಂದು ಫೋಟೊ ಸಮೇತ ಕೇಳಿದ್ದಳು. ಸೋರುವ ಜಾಗ ಕೆತ್ತಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ ಅಂದ, ಗುಬ್ಬಿಯ ಅಂಜನಮೂರ್ತಿ. ಅದೆಲ್ಲ ಬೇಡ, ಬುಡಕ್ಕೆ ಬೇವಿನ ಹಿಂಡಿ ಹಾಕಿ ಅಂದ, ಹುಲಿಯೂರುದುರ್ಗದ ತಿಪ್ಪಯ್ಯ. ಅಸಲಿಗೆ ಎರಡನ್ನೂ ಮಾಡಬೇಕು. ಶ್ರೀರಂಜನಿ ಅದನ್ನು ಬರೆಯುವಷ್ಟರಲ್ಲಿ ಮಾತು ಮರ ಬಿಟ್ಟು ಅಪ್ಪ ಅಮ್ಮಂದಿರ ಮೇಲೆ ಹೋಗಿತ್ತು. ಐವತ್ತು ದಾಟಿದ ಗಂಡಸರು, ಎಂಜಲೆಲೆಗೆ ಬಿದ್ದ ನಾಯಿಗಳ ಹಾಗೆ. ಉಳಿದವರು ನಗುವ ಮುಖ ಒತ್ತುತ್ತಾ ಕೂತಿದ್ದರು. ಥೂ.

ಜಗಳವಾದರೆ ಇಬ್ಬರೂ ತಮ್ಮ ಮಾತು ಅಳಿಸಬೇಕು, ಅದು ಗುಂಪಿನ ಕಟ್ಟಳೆ. ಆಕೆ ಇಬ್ಬರಿಗೂ ಫೋನ್ ಮಾಡಿದಳು.

"ಅವ್ನು ಮೊದ್ಲು ಅಳಿಸ್ಲಿ ಮೇಡಂ, ಆಮೇಲೆ ನಾನು ನೋಡ್ತೀನಿ" ಅಂದ ಅಂಜನಮೂರ್ತಿ.

"ಮರ್ಯಾದೆ ಕಳ್ದೋನು ಅವ್ನು, ಅಳಿಸೋನು ನಾನಾ? ಆಗಲ್ಲ ಬುಡಿ" ಅಂದ ತಿಪ್ಪಯ್ಯ.

ಎರಡು ದಿನ ಇದೇ ಆಯಿತು. ಊಟಕ್ಕೆ ಕೂತರೆ ಒಬ್ಬನ ಫೋನ್, ಪಾಠಕ್ಕೆ ಹೊರಟರೆ ಇನ್ನೊಬ್ಬನದು. ಮೂರನೆಯ ದಿನ ತಿಪ್ಪಯ್ಯ ಆ ಪ್ರಶ್ನೆಯ ಕೆಳಗೇ ಮತ್ತೊಂದು ಮಾತು ಎಸೆದ: "ಎರಡೂ ಮರ ಕಡ್ಸಿಬುಡಿ ತಾಯಿ. ರೋಗನೂ ಇರಲ್ಲ, ಗುಬ್ಬಿ ಡಾಕ್ಟ್ರ ಕಾಟನೂ ಇರಲ್ಲ."

ಶ್ರೀರಂಜನಿ ಅದನ್ನೂ ಓದಿದಳು. ಹಾಳಾಗಿ ಹೋಗಲಿ ಎಂದು, ಆ ಪ್ರಶ್ನೆಯ ಕೆಳಗೆ ಇನ್ನು ಯಾರೂ ಬರೆಯದಂತೆ ಬಂದ್ ಮಾಡಿ ಕೈ ತೊಳೆದುಕೊಂಡಳು. ಉತ್ತರ ಬರೆಯುವುದು ಮರೆತೇ ಹೋಯಿತು.

ಹತ್ತು ದಿನದ ಮೇಲೆ ಪುಟ್ಟತಾಯಮ್ಮ ಇನ್ನೊಂದು ಫೋಟೊ ಹಾಕಿದಳು. ಬಾವಿ, ಅದರ ಪಕ್ಕ ಎರಡು ಮೋಟು. 'ಹೇಳಿದಂಗೆ ಮಾಡಿದೀನಿ' ಎಂದು ಬರೆದಿದ್ದಳು.

ಶ್ರೀರಂಜನಿ ಕೂಡಲೇ ಅವಳಿಗೆ ಫೋನ್ ಮಾಡಿದಳು. "ಯಾಕಮ್ಮ ಕಡ್ಸಿದ್ರಿ? ಅವ್ರು ಅಂದಿದ್ದು ಕೊಂಕಿಗೆ."

"ನಂಗೆಂಗೆ ಗೊತ್ತಾಗ್ಬೇಕು ಮೇಡಮ್ಮೋರೆ? ನಮ್ಮೂರ ನ್ಯಾಯದಾಗೆ ಎಷ್ಟೇ ಕಿತ್ತಾಡಿದ್ರೂ, ಯಜಮಾನ್ರು ಸಾಕು ಅಂತ ಎದ್ದಾಗ ಯಾವ ಮಾತು ನಿಂತಿರ್ತದೋ ಅದೇ ತೀರ್ಮಾನ. ನೀವು ಆ ಮಾತಾದ್ಮೇಲೆ ತಾನೇ ಎಲ್ರ ಬಾಯಿ ಮುಚ್ಸಿದ್ದು? ನೀವೂ ಒಪ್ಪಿದೀರಿ ಅಂದ್ಕೊಂಡೆ."

ಫೋಟೊದ ಕೆಳಗೆ ಆಗಲೇ ಇಬ್ಬರೂ ಹಾಜರಿದ್ದರು. ಕಡಿಸು ಅಂದವನು ಯಾರೆಂದು ಎಲ್ಲರೂ ನೋಡಿ ಅಂತ ಒಬ್ಬ, ಮುಲಾಮು ಹಚ್ಚಿದ್ದರೂ ಉಳಿಯುತ್ತಿರಲಿಲ್ಲ ಅಂತ ಇನ್ನೊಬ್ಬ. ಶ್ರೀರಂಜನಿಗೆ ಈ ಸಲ ಅವರಿಗಿಂತ ತನ್ನ ಮೇಲೇ ಹೆಚ್ಚು ಅಸಹ್ಯವಾಯಿತು. ಎರಡು ಸಾಲು ಬರೆಯಬೇಕಿತ್ತು, ಅಷ್ಟೇ.

"ತಪ್ಪು ನಂದಮ್ಮ" ಅಂದಳು.

"ಹೋಗ್ಲಿ ಬುಡಿ" ಅಂದಳು ಪುಟ್ಟತಾಯಮ್ಮ. "ಈಗ ಬೇಲಿ ಪಕ್ಕದ್ದೂ ಸೋರ್ತಾ ಐತೆ. ಅದನ್ನ ಮಾತ್ರ ನಿಮ್ಮ ಗುಂಪಲ್ಲಿ ಕೇಳಲ್ಲ."