ಎರಡು ಬೆರಳು, ಒಳಗೆ

ಮಗಳು ಅಮ್ಮನ ಬಲಗೈಯ ಎರಡು ಬೆರಳುಗಳನ್ನು ಹಿಡಿದು ಮೆಲ್ಲಗೆ ನೀವುತ್ತಲೇ ಇದ್ದಳು.

"ಸಾಕಮ್ಮ, ಇನ್ನೆಲ್ಲಿ ನೋವು ಅವಳಿಗೆ?" ಎಂದಳು ಚಿಕ್ಕಮ್ಮ.

"ನಾಲ್ಕು ತಿಂಗಳಿಂದ ಇದೊಂದೇ ಹೇಳ್ತಿದ್ಲು ಚಿಕ್ಕಮ್ಮ. ಎರಡು ಬೆರಳು, ಒಳಗೆ, ಅಂತ. ಎಣ್ಣೆ ಹಚ್ಚಿದೆ, ಶಾಖ ಕೊಟ್ಟೆ. ಆದ್ರೂ ನನ್ನ ಮುಖ ನೋಡಿ ಅಳ್ತಿದ್ಲು. ಏನು ಬೇಕಿತ್ತೋ, ಕೊನೆಗೂ ಗೊತ್ತಾಗ್ಲಿಲ್ಲ."

ಹೊಲಿಗೆಯಂತ್ರವನ್ನು ಗೋಡೆಗೆ ಸರಿಸಿ ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದರು. ನಲವತ್ತು ವರ್ಷ ಆ ಯಂತ್ರದ ಸದ್ದನ್ನೂ ಮೀರಿಸಿ ಮಾತಾಡಿದ ಬಾಯಿ ಅದು.

\*

ಲಕ್ಷದಲ್ಲಿ ಒಬ್ಬರಿಗೆ ಬರುವ ಕಾಯಿಲೆ ಎಂದಿದ್ದರು ಡಾಕ್ಟರು. "ಅದಕ್ಕೂ ನನ್ನ ವಿಳಾಸವೇ ಸಿಕ್ತಾ?" ಎಂದು ಅಮ್ಮ ನಕ್ಕಿದ್ದಳು. ಮೊದಲು ಬಲಗೈ ಮರಗಟ್ಟಿತು, ಹೆಜ್ಜೆ ತಡವರಿಸಿತು. ಆಮೇಲೆ ಮಾತು. ಕತ್ತರಿ, ದಾರ, ಗುಂಡಿ, ಈ ಹೆಸರುಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಕತ್ತರಿಸು, ಪೋಣಿಸು, ಹೊಲಿ ಎಂಬ ಕೆಲಸದ ಮಾತುಗಳು ಮಾತ್ರ ಕೈಯ ಹಿಂದೆಯೇ ಹೊರಟುಹೋದವು. "ಸೂಜಿ... ದಾರ..." ಎಂದು ಅಮ್ಮ ಒದ್ದಾಡಿದರೆ ಉಳಿದದ್ದನ್ನು ಮಗಳೇ ಊಹಿಸಬೇಕು.

ಲೈಬ್ರರಿಯಲ್ಲಿ ಕೆಲಸ ಮಾಡುವ ಮಗಳಿಗೆ ಹೊಲಿಗೆಯ ಗಂಧಗಾಳಿ ಇರಲಿಲ್ಲ. ಆದರೂ ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅಮ್ಮನ ಹಾಸಿಗೆಯ ಪಕ್ಕ ಕೂತು ತನ್ನ ಮಗುವಿಗೆ ಮೊದಲ ಅಂಗಿ ಹೊಲಿದಳು. ಹೊಲಿಗೆಯಾಚೆ ಮಿಕ್ಕ ಬಟ್ಟೆಯನ್ನು ಚೊಕ್ಕವಾಗಿ ಕತ್ತರಿಸುತ್ತಿದ್ದಾಗ ಅಮ್ಮ ಕೂಗಿದಳು: "ಎರಡು ಬೆರಳು! ಒಳಗೆ!"

ಮಗಳು ಕತ್ತರಿ ಬಿಸಾಡಿ ಎಣ್ಣೆ ತರಲು ಓಡಿದ್ದಳು.

\*

ಅಂಚೆಯವನು ಬಂದ. ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂಚೆಯೇ ಒಳಗೆ ಬಂತು.

"ಈ ಕೋಟು ನನ್ನ ಮದುವೇದು ಕಣಮ್ಮ," ಎಂದ, ಕಣ್ಣೊರೆಸಿಕೊಳ್ಳುತ್ತ. "ನಾನು ಊದ್ಕೊಂಡಾಗೆಲ್ಲ ನಿಮ್ಮಮ್ಮ ಬೈದು ಬೈದು ಅಗಲ ಮಾಡಿಕೊಡೋರು. ಬಟ್ಟೆ ಎಲ್ಲಿಂದ ತರ್ತೀರಿ ಅಂದ್ರೆ, 'ಮನುಷ್ಯ ಬೆಳೀತಾನೆ ಕಣಯ್ಯಾ, ಅದಕ್ಕೇ ಎರಡು ಬೆರಳು ಒಳಗೆ ಬಿಟ್ಟಿರ್ತೀನಿ' ಅನ್ನೋರು."

ಮಗಳು ನೀವುವುದನ್ನು ನಿಲ್ಲಿಸಿದಳು. ಕೈ ಹೋಗಿ, ಕಾಲು ಹೋಗಿ, ಮಾತೂ ಹೋದಮೇಲೆ ಅಮ್ಮ ಅವಳಿಗೆ ಕಸುಬು ಕಲಿಸುತ್ತಿದ್ದಳು, ನಾಲ್ಕು ತಿಂಗಳು, ದಿನವೂ.

ತಾನು ತೊಟ್ಟಿದ್ದ ಅಂಗಿಯ ತೋಳಿನ ಅಂಚನ್ನು ಹೊರಳಿಸಿ ನೋಡಿದಳು. ಹದಿನೈದು ವರ್ಷದ ಹಿಂದೆ ಅಮ್ಮ ಹೊಲಿದದ್ದು. ಒಗೆದು ಒಗೆದು ಬೂದಿಬಣ್ಣಕ್ಕೆ ತಿರುಗಿತ್ತು. ಒಳಗೆ ಮಡಚಿಟ್ಟ ಬಟ್ಟೆ ಬಿಸಿಲನ್ನೇ ಕಂಡಿರಲಿಲ್ಲ. ಅಂಗಡಿಯಿಂದ ತಂದ ದಿನದ ಹಾಗೇ ಕಡುನೀಲಿ.

ಅಮ್ಮನ ಮರಗಟ್ಟಿದ ಎರಡು ಬೆರಳುಗಳನ್ನು ಎತ್ತಿ ಆ ನೀಲಿಯ ಮೇಲಿಟ್ಟಳು. ಒಂದೆಳೆ ಹೆಚ್ಚಿರಲಿಲ್ಲ, ಒಂದೆಳೆ ಕಡಿಮೆಯಿರಲಿಲ್ಲ.